ಜೋಡಿ ಪಟ್ಟಿಯೋ, ಒಂಟಿ ಹಲಗೆಯೋ? ಹಿಮದ ನಾಡಿನಲ್ಲಿ ನಮ್ಮ ಮಕ್ಕಳ ಮೊದಲ ಹೆಜ್ಜೆ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬುದು ಮಕ್ಕಳ ಶಿಕ್ಷಣದ ಬಗೆಗೆ ನಮ್ಮ ಹಿರಿಯರು ತಲೆತಲಾಂತರದಿಂದ ಹೇಳುತ್ತ ಬಂದ ಮಾತು. ಮಾತು ಸತ್ಯವಾದುದೇ. ಆದರೆ ಗಿಡವನ್ನು ಯಾವ ಕಡೆಗೆ ಬಗ್ಗಿಸಬೇಕು, ಎಷ್ಟು ಬಗ್ಗಿಸಬೇಕು, ಯಾವ ಕಾಲದಲ್ಲಿ ಬಗ್ಗಿಸಬೇಕು ಎಂಬ ವಿವೇಕವೂ ಅದರ ಜೊತೆಗಿರಬೇಕು. ಅವಸರದಿಂದ ಬಗ್ಗಿಸಿದ ಗಿಡ ಬಾಗುವುದಿಲ್ಲ, ಮುರಿಯುತ್ತದೆ. ಅಕ್ಷರಾಭ್ಯಾಸಕ್ಕಾಗಲಿ, ಸಂಗೀತಕ್ಕಾಗಲಿ, ಈಜಿಗಾಗಲಿ ಈ ಮಾತು ಒಂದೇ ರೀತಿಯಲ್ಲಿ ಅನ್ವಯಿಸುತ್ತದೆ. ಈಚೆಗೆ ನಮ್ಮ ಬಂಧುಗಳ ಮನೆಗಳಲ್ಲಿ ಕೇಳಿಬರುತ್ತಿರುವ ಒಂದು ಹೊಸ ಪ್ರಶ್ನೆಗೂ ಇದೇ ಮಾತು ಅನ್ವಯಿಸುತ್ತದೆಂದು ತೋರಿದುದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಹನೂರು, ಕೊಳ್ಳೇಗಾಲ, ಯಳಂದೂರು ಸೀಮೆಯವರಾದ ನಮಗೆ ಮಂಜು ಎಂದರೆ ಮಾಗಿಯ ಬೆಳಗಿನಲ್ಲಿ ಬಿಳಿಗಿರಿರಂಗನ ಬೆಟ್ಟವನ್ನು ಮುಸುಕಿ, ಹೊತ್ತೇರಿದಂತೆ ಕರಗಿಹೋಗುವ ಮಂಜು. ನಮ್ಮ ಜಿಲ್ಲೆಯಲ್ಲಿಯೇ ಹಿಮವದ್ ಗೋಪಾಲಸ್ವಾಮಿ ಬೆಟ್ಟವೆಂಬ ಹೆಸರಿನ ಬೆಟ್ಟವಿದ್ದರೂ ಅಲ್ಲಿರುವುದು ಕೂಡ ಈ ಮಂಜೇ ಹೊರತು ನೆಲದ ಮೇಲೆ ಮೊಳಕಾಲುದ್ದ ಬೀಳುವ ಹಿಮವಲ್ಲ. ಹಾಗೆಂದು ಹಿಮಕ್ಕೂ ನಮಗೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. 3,583 ಮೀಟರ್ ಎತ್ತರದಲ್ಲಿರುವ ಕೇದಾರನಾಥ ದೇವಾಲಯದ ರಾವಲರು ಕರ್ನಾಟಕದ ವೀರಶೈವ ಪರಂಪರೆಯಿಂದಲೇ ಬರುತ್ತಾರೆ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿದಾಗ ಅಲ್ಲಿನ ಪೂಜೆ ಊಖಿಮಠಕ್ಕೆ ಇಳಿದುಬರುತ್ತದೆ. ಯಾತ್ರೆಗೆ ಹೋಗಿ ಬಂದವರಿಗೆ ಹಿಮದ ಮೇಲೆ ಕಾಲಿಡುವುದೆಂದರೇನು, ಊರುಗೋಲು ಜಾರಿದರೆ ಎದೆ ಹೇಗೆ ಝಲ್ಲೆನ್ನುತ್ತದೆ ಎಂಬುದು ಗೊತ್ತು.

ಈಗಿನ ಸಂಗತಿಯೇ ಬೇರೆ. ನಮ್ಮ ಸೀಮೆಯ ಹಳ್ಳಿಗಳಿಂದ ಓದಲು, ದುಡಿಯಲು ಹೋದ ಮಕ್ಕಳು ಕೆನಡಾ, ಅಮೆರಿಕ, ಜರ್ಮನಿ, ಸ್ವಿಟ್ಜರ್ಲೆಂಡ್ ದೇಶಗಳಲ್ಲಿ ಮನೆ ಮಾಡಿದ್ದಾರೆ. ಅಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ವರ್ಷದ ನಾಲ್ಕೈದು ತಿಂಗಳು ಹಿಮವೇ ಅಂಗಳ, ಹಿಮವೇ ಆಟದ ಬಯಲು. ಶಾಲೆಯವರು ತಂಡ ಕಟ್ಟಿಕೊಂಡು ಹಿಮದ ಇಳಿಜಾರಿಗೆ ಕರೆದೊಯ್ಯುವುದೂ ಉಂಟು. ಆಗ ಮನೆಯಲ್ಲಿ ಪ್ರಶ್ನೆ ಏಳುತ್ತದೆ: ಮಗುವಿಗೆ ಮೊದಲು ಸ್ಕೀ ಕಲಿಸಬೇಕೋ, ಸ್ನೋಬೋರ್ಡ್ ಕಲಿಸಬೇಕೋ?

ನಮಗೆ ಪರಿಚಿತವಾದ ಒಂದು ಕುಟುಂಬದಲ್ಲಿ ಈ ಪ್ರಶ್ನೆ ಬಿಸಿಯಾಗಿಯೇ ಎದ್ದಿತು. ಮಗ ಸೊಸೆ ಇರುವುದು ಕೆನಡಾದ ಕ್ಯಾಲ್ಗರಿಯಲ್ಲಿ. 1988ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು ಅದು. ಹಿರಿಯ ಮೊಮ್ಮಗನಿಗೆ 11 ವರ್ಷ, ಅವನು ಆಗಲೇ ಸ್ನೋಬೋರ್ಡಿನಲ್ಲಿ ಪಳಗಿದ್ದಾನೆ. ಅವನಿಗೆ ಚಿಕ್ಕದಾದ ಹಳೆಯ ಹಲಗೆ ಮನೆಯಲ್ಲಿ ಬಿದ್ದಿದೆ. ಆರು ವರ್ಷದ ತಂಗಿಗೆ ಅದನ್ನೇ ಕೊಟ್ಟರೆ ಹಣವೂ ಉಳಿಯಿತು, ಅಣ್ಣನೂ ಜೊತೆಗಿರುತ್ತಾನೆ ಎಂದು ತಂದೆ. ಬೇಡ, ಸ್ಕೀಯೇ ಇರಲಿ ಎಂದು ತಾಯಿ. ಇತ್ತ ಯಳಂದೂರಿನ ಕಡೆಯ ಹಳ್ಳಿಯಲ್ಲಿರುವ ಅಜ್ಜಿಗೆ ಯಾವುದೂ ಬೇಡ. "ಎರಡು ಕಾಲನ್ನೂ ಹಲಗೆಗೆ ಕಟ್ಟಿ ಬೆಟ್ಟದ ಮೇಲಿಂದ ಬುಟ್ಬುಡ್ತಾರಂತಲ್ಲ ಬುದ್ಧಿ, ಕೂಸು ಬಿದ್ರೆ ಯಾರು ದಿಕ್ಕು?" ಎಂದು ಅವರು ನಮ್ಮನ್ನು ಕೇಳಿದರು. ಅಜ್ಜಿಯ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಅವರು ಕೇಳಿದುದು ಈ ವಿಷಯದ ಮೂಲ ಪ್ರಶ್ನೆಯನ್ನೇ. ಬೀಳುವ ಮಗು ತಾನೇ ಎದ್ದುಕೊಳ್ಳಬಲ್ಲುದೇ? ಓಡುವ ಮಗು ತಾನೇ ನಿಲ್ಲಬಲ್ಲುದೇ? ಈ ಎರಡು ಒರೆಗಲ್ಲುಗಳನ್ನು ಹಿಡಿದುಕೊಂಡು ವಿಷಯವನ್ನು ಪರಿಶೀಲಿಸೋಣ.

ಎರಡು ಸಾಧನಗಳ ಪರಿಚಯ

ಸ್ಕೀ ಎಂದರೆ ಒಂದೊಂದು ಪಾದಕ್ಕೂ ಒಂದೊಂದರಂತೆ ಕಟ್ಟಿಕೊಳ್ಳುವ ಉದ್ದನೆಯ, ಕಿರಿದಾದ ಜೋಡಿ ಪಟ್ಟಿ. ಮುಂತುದಿ ಮೇಲಕ್ಕೆ ಬಾಗಿರುತ್ತದೆ. ಇದು ಬಲು ಪುರಾತನವಾದ ಸಾಧನ. ಸ್ವೀಡನ್ ದೇಶದ ಕಾಲ್ವ್‌ಟ್ರೆಸ್ಕ್ ಎಂಬಲ್ಲಿ 1924ರಲ್ಲಿ ದೊರೆತ ಮರದ ಸ್ಕೀ ಸುಮಾರು 5,200 ವರ್ಷಗಳಷ್ಟು ಹಳೆಯದೆಂದು ಗುರುತಿಸಲಾಗಿದೆ. ಹಿಮದ ನಾಡಿನ ಜನ ಬೇಟೆಗೆ, ಪ್ರಯಾಣಕ್ಕೆ ಬಳಸುತ್ತಿದ್ದ ಈ ಪಟ್ಟಿಗಳನ್ನು ಇಳಿಜಾರಿನ ಕ್ರೀಡೆಗೆ ಒಗ್ಗಿಸಿದವರಲ್ಲಿ ನಾರ್ವೆಯ ಟೆಲಿಮಾರ್ಕ್ ಪ್ರಾಂತ್ಯದ ಸೊಂಡ್ರೆ ನೋರ್ಹೈಮ್ (1825–1897) ಪ್ರಮುಖರು. 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ನಡೆದ ಮೊದಲ ಚಳಿಗಾಲದ ಒಲಿಂಪಿಕ್ಸಿನಲ್ಲಿಯೇ ಸ್ಕೀ ಸ್ಪರ್ಧೆಗಳಿದ್ದವು. ಇಳಿಜಾರಿನ ಸ್ಕೀ ಸ್ಪರ್ಧೆ 1936ರಲ್ಲಿ ಸೇರಿತು.

ಸ್ನೋಬೋರ್ಡ್ ಎಂದರೆ ಎರಡೂ ಪಾದಗಳನ್ನು ಅಡ್ಡಲಾಗಿ ಇರಿಸಿ ಬಿಗಿಯುವ ಒಂದೇ ಅಗಲ ಹಲಗೆ. ಇದು ಸ್ಕೀಯ ಮುಂದೆ ನಿನ್ನೆ ಮೊನ್ನೆಯ ಕೂಸು. ಇದರ ಹುಟ್ಟಿನ ಕತೆ ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್ ಊರಿನಲ್ಲಿ ಶರ್ಮನ್ ಪಾಪೆನ್ ಎಂಬಾತ ತನ್ನ ಹೆಣ್ಣುಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಪಕ್ಕಪಕ್ಕ ಜೋಡಿಸಿ ಒಂದು ಹಲಗೆ ಮಾಡಿಕೊಟ್ಟನು. ಅದಕ್ಕೆ 'ಸ್ನರ್ಫರ್' ಎಂದು ಹೆಸರಾಯಿತು. 1977ರಲ್ಲಿ ಜೇಕ್ ಬರ್ಟನ್ ಕಾರ್ಪೆಂಟರ್ ವರ್ಮಾಂಟ್ ರಾಜ್ಯದಲ್ಲಿ ಇಂತಹ ಹಲಗೆಗಳ ತಯಾರಿಕೆ ಆರಂಭಿಸಿದರು. ಮೊದಲಲ್ಲಿ ಅನೇಕ ಹಿಮಕ್ರೀಡಾ ತಾಣಗಳು ಹಲಗೆಯವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. 1998ರಲ್ಲಿ ಜಪಾನಿನ ನಗಾನೊ ಒಲಿಂಪಿಕ್ಸಿನಲ್ಲಿ ಸ್ನೋಬೋರ್ಡಿಗೆ ಸ್ಥಾನ ದೊರೆಯಿತು. ಅಂದರೆ ಜೋಡಿ ಪಟ್ಟಿಯನ್ನು ಕೂಡಿಸಿದಾಗ ಒಂಟಿ ಹಲಗೆ ಹುಟ್ಟಿತು. ಎರಡೂ ಒಂದೇ ಮನೆಯ ಮಕ್ಕಳು, ಒಂದು ಹಿರಿಯದು, ಒಂದು ಕಿರಿಯದು. ಆದುದರಿಂದ ಯಾವುದು ಮೇಲು, ಯಾವುದು ಕೀಳು ಎಂಬ ವಾದಕ್ಕೆ ಇಲ್ಲಿ ಅವಕಾಶವಿಲ್ಲ. ಮೊದಲು ಯಾವುದು ಎಂಬುದಷ್ಟೇ ನಮ್ಮ ಪ್ರಶ್ನೆ.

ಮಗುವಿನ ದೇಹ ಏನನ್ನು ಬಲ್ಲದು?

ನಮ್ಮ ಶಾಲೆಗಳ ಕ್ರೀಡಾದಿನದಂದು ಗೋಣಿಚೀಲದ ಓಟವನ್ನು ನೋಡದವರಿಲ್ಲ. ಹತ್ತು ವರ್ಷದ ಹುಡುಗ ಚೀಲದೊಳಗೆ ಎರಡು ಕಾಲನ್ನೂ ಇಟ್ಟು ಕುಪ್ಪಳಿಸುತ್ತ ಗುರಿ ಮುಟ್ಟುತ್ತಾನೆ. ಅದೇ ಚೀಲದಲ್ಲಿ ನಾಲ್ಕು ವರ್ಷದ ಮಗುವನ್ನು ನಿಲ್ಲಿಸಿದರೆ ಎರಡನೆಯ ಹಾರಿಕೆಗೇ ಮುಗ್ಗರಿಸುತ್ತದೆ. ಕಾರಣ ಸ್ಪಷ್ಟವಾಗಿದೆ. ಚಿಕ್ಕ ಮಕ್ಕಳ ತಲೆ, ದೇಹದ ಅಳತೆಗೆ ಹೋಲಿಸಿದರೆ ದೊಡ್ಡದು, ಭಾರವಾದುದು. ಸೊಂಟ, ತೊಡೆ, ಹಿಮ್ಮಡಿಗಳ ಬಲ ಇನ್ನೂ ಕೂಡಿ ಬಂದಿರುವುದಿಲ್ಲ. ಇಂತಹ ಮಗು ತೂಕ ತಪ್ಪಿದಾಗ ಮಾಡುವ ಮೊದಲ ಕೆಲಸವೆಂದರೆ ಒಂದು ಕಾಲನ್ನು ಪಕ್ಕಕ್ಕಿಟ್ಟು ತನ್ನನ್ನು ತಾನು ಉಳಿಸಿಕೊಳ್ಳುವುದು. ನಡೆಯಲು ಕಲಿತ ದಿನದಿಂದ ಅದಕ್ಕೆ ಗೊತ್ತಿರುವ ವಿದ್ಯೆ ಅದೊಂದೇ.

ಸ್ಕೀ ಈ ವಿದ್ಯೆಯನ್ನು ಮಗುವಿನಿಂದ ಕಿತ್ತುಕೊಳ್ಳುವುದಿಲ್ಲ. ಕಾಲುಗಳು ಬೇರೆ ಬೇರೆಯಾಗಿರುತ್ತವೆ, ಮುಖ ಹೋಗುವ ದಿಕ್ಕಿಗೇ ಇರುತ್ತದೆ, ಒಂದು ಕಾಲು ಜಾರಿದರೆ ಇನ್ನೊಂದು ಆಧಾರಕ್ಕಿದೆ. ಸಮತಟ್ಟಾದ ಹಿಮದ ಮೇಲೆ ಮಗು ಪಟ್ಟಿಗಳ ಸಮೇತ ಹೆಜ್ಜೆ ಹಾಕಬಹುದು, ಅಡ್ಡ ಹೆಜ್ಜೆಯಲ್ಲಿ ದಿಣ್ಣೆ ಹತ್ತಬಹುದು. ನಿಲ್ಲುವ ಉಪಾಯವೂ ಸರಳ. ಎರಡೂ ಪಟ್ಟಿಗಳ ಮುಂತುದಿಗಳನ್ನು ಹತ್ತಿರ ತಂದು ಹಿಂತುದಿಗಳನ್ನು ಅಗಲಿಸಿದರೆ ಪಟ್ಟಿಗಳ ಒಳ ಅಂಚು ಹಿಮವನ್ನು ಹೆರೆಯುತ್ತದೆ, ವೇಗ ಕುಗ್ಗುತ್ತದೆ. ಅಲ್ಲಿನ ಶಿಕ್ಷಕರು ಮಕ್ಕಳಿಗೆ ಇದನ್ನು 'ಪಿಜ್ಜಾ ತುಂಡು' ಎಂದು ಹೇಳಿಕೊಡುತ್ತಾರೆ. ಮೂರು ನಾಲ್ಕು ವರ್ಷದ ಮಗುವಿಗೂ ಆ ಆಕಾರ ಅರ್ಥವಾಗುತ್ತದೆ. ಮುಂತುದಿಗಳು ಅಗಲಿಹೋಗದಂತೆ ಒಂದು ಚಿಕ್ಕ ರಬ್ಬರಿನ ಕೊಂಡಿ ಹಾಕುವುದೂ ಉಂಟು. ಪುಟ್ಟ ಮಕ್ಕಳಿಗೆ ಕೈಕೋಲುಗಳನ್ನು ಮೊದಲಿಗೆ ಕೊಡುವುದಿಲ್ಲ. ಗಮನವೆಲ್ಲ ಕಾಲಿನ ಮೇಲಿರಲೆಂಬುದು ಅದರ ಉದ್ದೇಶ.

ಹಲಗೆಯಲ್ಲಿ ಸಂಗತಿ ಬೇರೆ. ಮಗು ಇಳಿಜಾರಿಗೆ ಪಕ್ಕವಾಗಿ ನಿಲ್ಲಬೇಕು, ಹೋಗುವ ದಿಕ್ಕನ್ನು ಹೆಗಲ ಮೇಲಿಂದ ನೋಡಬೇಕು. ಹಲಗೆಗೆ ಎರಡು ಅಂಚುಗಳು: ಹಿಮ್ಮಡಿಯ ಕಡೆಯದೊಂದು, ಬೆರಳ ಕಡೆಯದೊಂದು. ತಿರುಗುವುದು, ನಿಲ್ಲುವುದು ಎಲ್ಲವೂ ಈ ಎರಡು ಅಂಚುಗಳ ಮೇಲೆ ತೂಕವನ್ನು ನವಿರಾಗಿ ಬದಲಿಸುವುದರಿಂದ. ಅದಕ್ಕೆ ಹಿಮ್ಮಡಿಯ ಗೆಣ್ಣು, ಮೊಣಕಾಲು, ಸೊಂಟ ಒಂದು ತಾಳಕ್ಕೆ ಕೂಡಿ ಕೆಲಸ ಮಾಡಬೇಕು. ಬೀಸು ಕಂಸಾಳೆಯವರನ್ನು ನೋಡಿದ ನಮ್ಮ ಸೀಮೆಯ ಜನಕ್ಕೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೈ, ಸೊಂಟ, ಕಾಲು ಒಂದಾಗಿ ಬೀಸುವ ಆ ಹದ ಪುಟ್ಟ ಕೂಸಿಗೆ ಬರುವುದಿಲ್ಲ, ಮೈ ಸ್ವಲ್ಪ ಬಲಿತ ಮೇಲೆಯೇ ಬರುತ್ತದೆ. ಇದರ ಮೇಲೆ ಯಾವ ಕಾಲು ಮುಂದಿರಬೇಕೆಂಬ ಪ್ರಶ್ನೆಯೂ ಇದೆ. ಕೆಲವರಿಗೆ ಎಡಗಾಲು ಮುಂದು, ಕೆಲವರಿಗೆ ಬಲಗಾಲು. ಸಮತಟ್ಟಾದ ಜಾಗ ಬಂದರೆ ಹಲಗೆ ನಿಂತುಬಿಡುತ್ತದೆ. ಹಿಂದಿನ ಕಾಲನ್ನು ಬಿಚ್ಚಿ ನೆಲ ತಳ್ಳುತ್ತ ಸಾಗಬೇಕು, ಮತ್ತೆ ಕೂತು ಬಿಗಿದುಕೊಳ್ಳಬೇಕು. ಕೈಗವಸು ತೊಟ್ಟ ಐದು ವರ್ಷದ ಮಗುವಿಗೆ ಇದು ದಿನಕ್ಕೆ ಇಪ್ಪತ್ತು ಬಾರಿ ಎದುರಾಗುವ ಕಷ್ಟ.

ಸ್ಕೀ ಕಲಿಯುವುದು ಸುಲಭ, ಪಳಗುವುದು ಕಷ್ಟ. ಹಲಗೆಯ ಆರಂಭ ಕಷ್ಟ, ಆಮೇಲೆ ಸುಲಭ ಎಂಬುದು ಹಿಮದ ನಾಡಿನ ಶಿಕ್ಷಕರಲ್ಲಿ ಬಳಕೆಯಲ್ಲಿರುವ ಮಾತು. ದೊಡ್ಡವರು ಮೊದಲ ಎರಡು ಮೂರು ದಿನದ ಕಷ್ಟವನ್ನು ಮುಂದಿನ ಸುಖಕ್ಕಾಗಿ ಸಹಿಸಿಯಾರು. ಚಿಕ್ಕ ಮಗುವಿಗೆ ಮುಂದಿನ ಸುಖದ ಲೆಕ್ಕ ತಿಳಿಯದು. ಇಂದು ನಕ್ಕರೆ ನಾಳೆ ಬರುತ್ತದೆ, ಇಂದು ಅತ್ತರೆ ನಾಳೆ ಬರಲೊಲ್ಲದು. ಈ ಕಾರಣದಿಂದಲೇ ಅನೇಕ ಹಿಮಶಾಲೆಗಳು ಮೂರು ನಾಲ್ಕು ವರ್ಷದ ಮಕ್ಕಳನ್ನು ಸ್ಕೀಗೆ ಸೇರಿಸಿಕೊಂಡರೂ ಸ್ನೋಬೋರ್ಡಿನ ಗುಂಪಿಗೆ ಆರೇಳು ವರ್ಷ ತುಂಬಲಿ ಎನ್ನುತ್ತವೆ.

ಬೀಳುವ ಬಗೆ ಬೇರೆ, ಪೆಟ್ಟಿನ ಬಗೆ ಬೇರೆ

ಎರಡರಲ್ಲಿಯೂ ಬೀಳುವುದು ತಪ್ಪಿದ್ದಲ್ಲ. ಆದರೆ ಬೀಳುವ ರೀತಿ ಬೇರೆ. ಸ್ಕೀಯಲ್ಲಿ ಹೆಚ್ಚಾಗಿ ಪೆಟ್ಟಾಗುವುದು ಕಾಲಿಗೆ. ಪಟ್ಟಿಗಳು ಬೇರೆ ಬೇರೆ ದಿಕ್ಕಿಗೆ ಎಳೆದಾಗ ಮೊಣಕಾಲು ತಿರುಚಿಕೊಳ್ಳುತ್ತದೆ. ಮಕ್ಕಳಲ್ಲಿ ಮೊಣಕಾಲ ಕೆಳಗಿನ ಎಲುಬಿಗೂ ಪೆಟ್ಟು ಬೀಳುವುದುಂಟು. ಕೈಕೋಲು ಹಿಡಿದು ಬಿದ್ದವರಿಗೆ ಹೆಬ್ಬೆರಳ ಬುಡ ಉಳುಕುವುದೂ ಸಾಮಾನ್ಯ. ಈ ಅಪಾಯವನ್ನು ತಗ್ಗಿಸಲೆಂದೇ ಸ್ಕೀಯ ಬಿಗಿಕೊಂಡಿಗಳನ್ನು, ಒತ್ತಡ ಮೀರಿದಾಗ ಪಾದವನ್ನು ತಾವಾಗಿಯೇ ಬಿಟ್ಟುಕೊಡುವಂತೆ ಮಾಡಿರುತ್ತಾರೆ. ಯಾವ ಒತ್ತಡಕ್ಕೆ ಬಿಡಬೇಕೆಂಬುದನ್ನು ಮಗುವಿನ ತೂಕ, ಎತ್ತರ, ಬೂಟಿನ ಅಡಿಯ ಉದ್ದ, ಕಲಿಕೆಯ ಮಟ್ಟ ಇವುಗಳನ್ನು ನೋಡಿ ತರಬೇತಾದವರೇ ಹೊಂದಿಸಬೇಕು.

ಹಲಗೆಯ ಕೊಂಡಿಗಳು ಹಾಗೆ ಬಿಟ್ಟುಕೊಡುವುದಿಲ್ಲ. ಎರಡೂ ಕಾಲುಗಳು ಒಟ್ಟಿಗೇ ಇರುವುದರಿಂದ ಮೊಣಕಾಲು ತಿರುಚುವುದು ಕಡಿಮೆ, ಆದರೆ ಕಾಲಿಡಲು ಆಗದವನು ಕೈಯಿಡುತ್ತಾನೆ. ಹಲಗೆಯವರಲ್ಲಿ ಹೆಚ್ಚು ಕಾಣುವ ಪೆಟ್ಟು ಮಣಿಕಟ್ಟಿನದು, ಅದರಲ್ಲಿಯೂ ಹೊಸಬರದು. ಹಿಮ್ಮಡಿಯ ಅಂಚು ಹಠಾತ್ತಾಗಿ ಹಿಮಕ್ಕೆ ಕಚ್ಚಿಕೊಂಡರೆ ಮಗು ಹಿಂದಕ್ಕೆ ಬೀಳುತ್ತದೆ, ತಲೆಯ ಹಿಂಭಾಗಕ್ಕೆ ಪೆಟ್ಟಾಗುವ ಸಂಭವ ಇಲ್ಲಿಯೇ. ಬೆಳೆಯುವ ಮಕ್ಕಳ ಎಲುಬಿನ ತುದಿಗಳಲ್ಲಿ ಬೆಳವಣಿಗೆಯ ಮೆದು ಭಾಗವಿರುತ್ತದೆ. ಅಲ್ಲಿ ಮುರಿದರೆ ಅದು ಬರಿಯ ಮುರಿತವಲ್ಲ, ಮುಂದಿನ ಬೆಳವಣಿಗೆಗೇ ಧಕ್ಕೆಯಾಗಬಹುದು. ಮಣಿಕಟ್ಟಿಗೆ ಕಾಪು ಕಟ್ಟಿದರೆ ಈ ಅಪಾಯ ಬಹಳ ಮಟ್ಟಿಗೆ ತಗ್ಗುತ್ತದೆಂದು ವೈದ್ಯಕೀಯ ಅಧ್ಯಯನಗಳಿಂದ ಸಿದ್ಧವಾಗಿದೆ. ತಲೆಗೆ ಹೆಲ್ಮೆಟ್ ಎರಡಕ್ಕೂ ಕಡ್ಡಾಯವೆಂದೇ ತಿಳಿಯಬೇಕು.

ಮೊದಲ ದಿನ ಕಲಿಸಬೇಕಾದುದು ಬೀಳುವ ವಿದ್ಯೆಯನ್ನೇ. ಮುಂದಕ್ಕೆ ಬಿದ್ದರೆ ಅಂಗೈ ಚಾಚದೆ ಮುಷ್ಟಿ ಮುಚ್ಚಿ ಮೊಣಕಾಲು ಮುಂಗೈಗಳ ಮೇಲೆ ಇಳಿಯುವುದು, ಹಿಂದಕ್ಕೆ ಬಿದ್ದರೆ ಗದ್ದವನ್ನು ಎದೆಗೆ ಒತ್ತಿಕೊಂಡು ಕುಂಡಿಯ ಮೇಲೆ ಕೂತು ಉರುಳುವುದು. ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತ ನಮ್ಮ ತಲೆಮಾರಿನವರಿಗೆ ಗೊತ್ತು: ಮೊದಲು ಹೋಗಬೇಕಾದುದು ಮುಳುಗುವ ಭಯ, ಆಮೇಲೆ ಕೈಕಾಲು ತಾವೇ ಕಲಿಯುತ್ತವೆ.

ಹಲಗೆಯ ಪರವಾದ ಮಾತು

ಒಂದು ಪಕ್ಷವನ್ನೇ ಕೇಳಿ ತೀರ್ಪು ಕೊಡುವುದು ನ್ಯಾಯವಲ್ಲ. ಹಲಗೆಯ ಪರವಾಗಿಯೂ ಬಲವಾದ ಮಾತುಗಳಿವೆ. ಸ್ಕೀಯ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು, ನಡೆಯುವುದಕ್ಕೆ ಹಿಂಸೆ. ಹಲಗೆಯ ಬೂಟು ಮೆದುವಾದುದು. ಪಟ್ಟಿಗಳು ಒಂದರ ಮೇಲೊಂದು ಏರಿ ತೊಡರುವ ಕಷ್ಟ ಹಲಗೆಯಲ್ಲಿಲ್ಲ. ಒಂಬತ್ತು ಹತ್ತು ವರ್ಷದ ಮಗು, ಅದರಲ್ಲಿಯೂ ಬೀದಿಯಲ್ಲಿ ಸ್ಕೇಟ್‌ಬೋರ್ಡ್ ಆಡಿ ಅಭ್ಯಾಸವಿದ್ದರೆ, ಕೆಲವೇ ದಿನಗಳಲ್ಲಿ ಹಲಗೆಯನ್ನು ಹಿಡಿತಕ್ಕೆ ತಂದುಕೊಳ್ಳುತ್ತದೆ. ಈಗ ಪುಟ್ಟ ಮಕ್ಕಳ ಅಳತೆಗೆ ಮೆತ್ತನೆಯ, ಅಂಚು ಕಚ್ಚದ ಹಲಗೆಗಳೂ ಬಂದಿವೆ. ಮುಂದೆ ಹಗ್ಗ ಕಟ್ಟಿ ಸಮತಟ್ಟಿನಲ್ಲಿ ಮೆಲ್ಲನೆ ಎಳೆದು ಅಭ್ಯಾಸ ಮಾಡಿಸುತ್ತಾರೆ.

ಅಮೆರಿಕದ ಕ್ಲೋಯಿ ಕಿಮ್ ನಾಲ್ಕನೆಯ ವಯಸ್ಸಿಗೇ ಹಲಗೆ ಹತ್ತಿದವರು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸಿನಲ್ಲಿ 17ನೆಯ ವಯಸ್ಸಿನಲ್ಲಿ ಚಿನ್ನ ಗೆದ್ದರು, 2022ರ ಬೀಜಿಂಗಿನಲ್ಲಿ ಮತ್ತೆ ಗೆದ್ದರು. ಇದನ್ನು ಎತ್ತಿ ತೋರಿಸಿ, ನಮ್ಮ ಮಗುವೂ ನಾಲ್ಕಕ್ಕೇ ಹತ್ತಲಿ ಎನ್ನುವ ತಂದೆತಾಯಿಗಳಿದ್ದಾರೆ. ಆದರೆ ಅದೇ 2018ರ ಒಲಿಂಪಿಕ್ಸಿನಲ್ಲಿ ಚೆಕ್ ದೇಶದ ಎಸ್ತರ್ ಲೆಡೆಟ್ಸ್ಕಾ ಎಂಬ ಯುವತಿ ಸ್ಕೀಯ ಸೂಪರ್ ಜಿ ಸ್ಪರ್ಧೆಯಲ್ಲಿಯೂ ಸ್ನೋಬೋರ್ಡಿನ ಸಮಾಂತರ ಜೈಂಟ್ ಸ್ಲಾಲಮ್ ಸ್ಪರ್ಧೆಯಲ್ಲಿಯೂ ಚಿನ್ನ ಗೆದ್ದರು. ಒಂದೇ ಒಲಿಂಪಿಕ್ಸಿನಲ್ಲಿ ಎರಡು ಸಾಧನಗಳಿಂದ ಚಿನ್ನ ಗೆದ್ದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಅವರು ಕೂಡ ಎಳವೆಯಲ್ಲಿ ಮೊದಲು ಸ್ಕೀ ಕಟ್ಟಿ, ಆಮೇಲೆ ಹಲಗೆಗೆ ಬಂದವರು. ಒಂದನ್ನು ಮೊದಲು ಕಲಿತರೆ ಇನ್ನೊಂದರ ಬಾಗಿಲು ಮುಚ್ಚಿಹೋಗುತ್ತದೆಂಬ ಭಯ ಆಧಾರವಿಲ್ಲದುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಇಳಿಜಾರನ್ನು ಓದುವುದು, ವೇಗವನ್ನು ತೂಗುವುದು, ಅಂಚಿನ ಮೇಲೆ ನಿಲ್ಲುವುದು ಇವು ಎರಡಕ್ಕೂ ಸಮಾನವಾದ ವಿದ್ಯೆಗಳು.

ನಮ್ಮ ದೇಶದ ಹಿಮದಲ್ಲಿ

ಹೊರದೇಶಕ್ಕೆ ಹೋಗದೆಯೂ ಹಿಮ ಕಾಣಲು ಬಯಸುವ ಕುಟುಂಬಗಳಿಗೆ ಕಾಶ್ಮೀರದ ಗುಲ್‌ಮರ್ಗ್, ಹಿಮಾಚಲದ ಮನಾಲಿ ಬಳಿಯ ಸೋಲಂಗ್, ಉತ್ತರಾಖಂಡದ ಔಲಿ ಪರಿಚಿತವಾದ ಹೆಸರುಗಳು. ಗುಲ್‌ಮರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಆಶ್ರಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಅಲ್ಲಿ 1968ರಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ ಕಲಿಸುವ ಪರಂಪರೆ ಬೆಳೆದುಬಂದಿರುವುದು ಬಹುಮಟ್ಟಿಗೆ ಸ್ಕೀಯದೇ. 1964ರ ಇನ್ಸ್‌ಬ್ರುಕ್ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಮೊದಲು ಇಳಿದ ಜೆರೆಮಿ ಬುಜಕೋವ್‌ಸ್ಕಿ, 2018ರಲ್ಲಿ ಟರ್ಕಿಯಲ್ಲಿ ಕಂಚು ಗೆದ್ದ ಮನಾಲಿಯ ಆಂಚಲ್ ಠಾಕೂರ್, 2022ರ ಬೀಜಿಂಗ್ ಒಲಿಂಪಿಕ್ಸಿಗೆ ಭಾರತದಿಂದ ಹೋದ ಏಕೈಕ ಕ್ರೀಡಾಪಟುವಾಗಿ ಜೈಂಟ್ ಸ್ಲಾಲಮ್‌ನಲ್ಲಿ 45ನೆಯವರಾದ ಗುಲ್‌ಮರ್ಗ್ ಕಡೆಯ ಆರಿಫ್ ಖಾನ್, ಎಲ್ಲರೂ ಸ್ಕೀಯವರು.

ಕನ್ನಡಿಗರಿಗೆ ಹೆಮ್ಮೆ ತರುವ ಹೆಸರೂ ಒಂದಿದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಬೆಳೆದುದು ಹಿಮ ಬೀಳದ ನಾಡಿನಲ್ಲಿ. ಪರ್ವತಾರೋಹಣದ ಮೂಲಕ ಹಿಮಕ್ಕೆ ಬಂದು, ಬಯಲು ದಾರಿಯಲ್ಲಿ ದೂರ ಸಾಗುವ ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಕಲಿತು, ಗುಲ್‌ಮರ್ಗ್‌ನ ಖೇಲೋ ಇಂಡಿಯಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು, ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿಲೋಮೀಟರಿನಲ್ಲಿ ಕಂಚು ಪಡೆದರು. ನಾಲ್ಕಕ್ಕೇ ಆರಂಭಿಸದಿದ್ದರೆ ಎಲ್ಲವೂ ಮುಗಿಯಿತೆಂದು ಹಪಹಪಿಸುವ ತಂದೆತಾಯಿಗಳು ಇದನ್ನು ನೆನೆಯಬೇಕು.

ಪ್ರವಾಸಿಗರಿಗೆ ಒಂದು ಎಚ್ಚರಿಕೆ. ಹಿಮದ ತಾಣಗಳಲ್ಲಿ ಅರ್ಧ ಗಂಟೆಗೆ ಬಾಡಿಗೆಗೆ ಸಿಕ್ಕುವ ಬೂಟು ಪಟ್ಟಿಗಳನ್ನು ಮಗುವಿನ ಕಾಲಿಗೆ ಸಿಕ್ಕಿಸಿ ಛಾಯಾಚಿತ್ರಕ್ಕೆ ನಿಲ್ಲಿಸುವುದು ಕಲಿಕೆಯಲ್ಲ, ಅಪಾಯ. ಎರಡು ದಿನಕ್ಕೆಂದು ಹೋದವರು ಮಗುವಿಗೆ ಹಿಮದಲ್ಲಿ ನಡೆದಾಡುವ, ತಗ್ಗು ದಿಣ್ಣೆಯಲ್ಲಿ ಜಾರುಬಂಡಿ ಆಡುವ ಸಂತೋಷವನ್ನಷ್ಟೇ ಕೊಟ್ಟರೆ ಸಾಕು.

ನಮ್ಮ ನಿರ್ಣಯ

ಇಷ್ಟನ್ನು ಪರಿಶೀಲಿಸಿದ ಮೇಲೆ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುತ್ತೇವೆ. ಏಳು ವರ್ಷ ತುಂಬದ ಮಗುವಿಗೆ ಮೊದಲು ಜೋಡಿ ಪಟ್ಟಿಯೇ ಇರಲಿ. ತಾನೇ ಏಳುವುದು, ತಾನೇ ನಿಲ್ಲುವುದು ಎಂಬ ಎರಡು ಒರೆಗಲ್ಲುಗಳಿಗೂ ಅದು ಬೇಗ ಒದಗುತ್ತದೆ. ಏಳರಿಂದ ಒಂಬತ್ತರ ನಡುವೆ ಮಗುವಿನ ಮೈಕಟ್ಟು, ಆಸಕ್ತಿಗಳನ್ನು ನೋಡಿ ನಿರ್ಧರಿಸಬಹುದು. ಹತ್ತು ದಾಟಿದವರ ಆಯ್ಕೆಯನ್ನು ಅವರಿಗೇ ಬಿಡುವುದು ಲೇಸು. ಸ್ನೇಹಿತರೆಲ್ಲ ಹಲಗೆಯ ಮೇಲಿರುವಾಗ ಹನ್ನೊಂದರ ಹುಡುಗನಿಗೆ ಬಲವಂತವಾಗಿ ಪಟ್ಟಿ ಕಟ್ಟಿದರೆ ಅವನು ಎರಡನ್ನೂ ಬಿಟ್ಟಾನು. ಚಿಕ್ಕ ಮಗುವೇ ಹಲಗೆಗೆ ಹಠ ಹಿಡಿದರೆ, ಪುಟ್ಟವರಿಗೆಂದೇ ತರಗತಿ ನಡೆಸುವ, ಮಕ್ಕಳ ಶಿಕ್ಷಕರಿರುವ ಕಡೆ ಒಂದು ದಿನ ಪ್ರಯತ್ನಿಸಿ ನೋಡುವುದರಲ್ಲಿ ದೋಷವಿಲ್ಲ. ಆದರೆ ಮನೆಯಲ್ಲಿ ಹಳೆಯ ಹಲಗೆಯಿದೆ ಎಂಬುದು ಮಾತ್ರ ಆಯ್ಕೆಗೆ ಕಾರಣವಾಗಬಾರದು. ಮೇಲೆ ಹೇಳಿದ ಕುಟುಂಬಕ್ಕೂ ಇದನ್ನೇ ಹೇಳಿದೆವು. ಅವರು ಆ ಚಳಿಗಾಲಕ್ಕೆ ಚಿಕ್ಕ ಸ್ಕೀಯನ್ನು ಬಾಡಿಗೆಗೆ ತಂದರು. ಹಲಗೆ ಅಟ್ಟದ ಮೇಲೆ ಕಾಯುತ್ತಿದೆ.

ಗೃಹಸ್ಥರು ಗಮನಿಸಬೇಕಾದ ಸಂಗತಿಗಳು

ಬೆಳೆಯುವ ಮಗು, ಮುಂದಿನ ವರ್ಷಕ್ಕೂ ಆಗಲಿ ಎಂದು ಒಂದು ಅಳತೆ ದೊಡ್ಡ ಚಪ್ಪಲಿ ಕೊಳ್ಳುವುದು ನಮ್ಮ ಮನೆಗಳ ರೂಢಿ. ಹಿಮದ ಬೂಟಿಗೆ ಈ ಉಳಿತಾಯ ಸಲ್ಲದು. ಬೂಟಿನೊಳಗೆ ಹಿಮ್ಮಡಿ ಮೇಲೆದ್ದರೆ ಪಟ್ಟಿ ಕಾಲಿನ ಮಾತು ಕೇಳುವುದಿಲ್ಲ. ಇಡೀ ಚಳಿಗಾಲಕ್ಕೆ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ವರ್ಷ ವರ್ಷ ಅಳತೆ ಬದಲಿಸಿಕೊಳ್ಳಬಹುದು. ಹೊಸಬರ ಸ್ಕೀ ಮಗುವಿನ ಎದೆಯಿಂದ ಗದ್ದದ ನಡುವಿನ ಎತ್ತರಕ್ಕಿದ್ದರೆ ಸಾಕು. ಅಣ್ಣನ ಸ್ಕೀ ತಂಗಿಗೆ ಬಂದರೆ ಅದರ ಕೊಂಡಿಯನ್ನು ಅಂಗಡಿಯಲ್ಲಿ ಮತ್ತೆ ಹೊಂದಿಸದೆ ಕಟ್ಟಕೂಡದು.

ಚಳಿಯೆಂದು ಎರಡು ಮೂರು ಜೊತೆ ಕಾಲುಚೀಲ ತೊಡಿಸಬಾರದು. ರಕ್ತದ ಓಟ ತಡೆದು ಕಾಲು ಇನ್ನಷ್ಟು ತಣ್ಣಗಾಗುತ್ತದೆ. ತೆಳುವಾದ ಉಣ್ಣೆಯದು ಒಂದೇ ಜೊತೆ ಸಾಕು. ಹತ್ತಿಯ ಒಳಬಟ್ಟೆ ಬೆವರು ಹೀರಿ ಒದ್ದೆಯಾಗುತ್ತದೆ, ಬೇಡ. ಅಜ್ಜಿ ಹೆಣೆದ ದಪ್ಪ ಟೋಪಿಯನ್ನು ಹೆಲ್ಮೆಟ್ಟಿನೊಳಗೆ ತುರುಕಿದರೆ ಹೆಲ್ಮೆಟ್ ಸಡಿಲವಾಗುತ್ತದೆ. ಟೋಪಿ ಮನೆಗೆ ಬಂದ ಮೇಲಿರಲಿ. ಕೊರಳಿಗೆ ಸುತ್ತಿದ ಉದ್ದ ವಸ್ತ್ರ, ಜೋತುಬಿದ್ದ ದಾರ ಯಾವುದೂ ಇರಕೂಡದು. ಮೇಲೇರುವ ಕುರ್ಚಿಗೆ ಸಿಕ್ಕಿಕೊಂಡರೆ ಅನಾಹುತ. ಲಿಂಗಧಾರಣೆಯಾದ ಮಕ್ಕಳಿಗೆ ಇಷ್ಟಲಿಂಗವನ್ನು ಗಟ್ಟಿ ಕರಡಿಗೆಯ ಬದಲು ವಸ್ತ್ರದಲ್ಲಿ ಸುತ್ತಿ, ಶಿವದಾರ ಹೊರಗೆ ಕಾಣದಂತೆ ಒಳ ಅಂಗಿಯೊಳಗೆ ಎದೆಗೆ ಭದ್ರವಾಗಿ ಕಟ್ಟುವುದು ಉಚಿತ. ಹಿಮದ ಮೇಲಿನ ಬಿಸಿಲು ಕಣ್ಣಿಗೆ ತೀಕ್ಷ್ಣವಾದುದರಿಂದ ಕನ್ನಡಕ ಬೇಕೇ ಬೇಕು.

ತಂದೆ ಎಷ್ಟೇ ಪಳಗಿದವನಾದರೂ ಮೊದಲ ಪಾಠಗಳನ್ನು ತರಬೇತಾದ ಶಿಕ್ಷಕರಿಂದಲೇ ಕೊಡಿಸಬೇಕು. ಪುಟ್ಟ ಮಕ್ಕಳಿಗೆ ಒಂದೆರಡು ಗಂಟೆಯ ಕಲಿಕೆ ಸಾಕು. ದಣಿದ ಮೇಲೆ, ಇನ್ನೊಂದೇ ಸಲ ಎಂದು ಮೇಲಕ್ಕೆ ಹೋಗುವುದರಲ್ಲಿಯೇ ಪೆಟ್ಟುಗಳಾಗುತ್ತವೆ. ಇಳಿಜಾರಿನಲ್ಲಿ ಕೆಳಗಿರುವವರಿಗೆ ಮೊದಲ ಹಕ್ಕು, ಮೇಲಿನಿಂದ ಬರುವವರೇ ತಪ್ಪಿಸಿಕೊಂಡು ಹೋಗಬೇಕು ಎಂಬುದು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 1967ರಿಂದ ಸಾರುತ್ತ ಬಂದ ನಿಯಮ. ಮುಂದಿರುವವರನ್ನು ನೋಯಿಸದೆ ನಡೆಯಬೇಕೆಂಬ ಈ ಪಾಠ ಹಿಮಕ್ಕಷ್ಟೇ ಸೀಮಿತವಾದುದಲ್ಲ.

ಅಜ್ಜಿ ತಾತಂದಿರಲ್ಲಿ ಒಂದು ಅರಿಕೆ

ಊರಲ್ಲಿ ಕೂತು ಫೋನಿನಲ್ಲಿ ಮೊಮ್ಮಗಳು ಹಿಮದ ಮೇಲೆ ಜಾರುವುದನ್ನು ಕಾಣುವಾಗ ಕರುಳು ಚುರುಕ್ಕೆನ್ನುವುದು ಸಹಜ. ಆದರೆ ಬೇಡವೇ ಬೇಡ ಎಂಬ ಅಪ್ಪಣೆಯಿಂದ ಆಗುವ ನಷ್ಟವನ್ನೂ ನೆನೆಯಬೇಕು. ಆ ಮಗುವಿನ ಸಹಪಾಠಿಗಳೆಲ್ಲ ಬೆಟ್ಟಕ್ಕೆ ಹೋದ ದಿನ ಅದೊಂದೇ ಕಿಟಕಿಯ ಬಳಿ ಕೂತಿರುತ್ತದೆ. ತಾನು ಹುಟ್ಟಿದ ನಾಡಿನ ನೆಲದ ಮೇಲೆ ನಡೆಯಲು ಬಾರದ ಮಗು ಆ ನಾಡಿಗೆ ನೆಂಟನಾಗಿಯೇ ಉಳಿಯುತ್ತದೆ. ನಮ್ಮ ಮಕ್ಕಳು ಮಲೆ ಮಹದೇಶ್ವರನ ಬೆಟ್ಟದ ದಾರಿಯಲ್ಲಿ ಕಲ್ಲುಮುಳ್ಳು ತುಳಿದು ನಡೆಯುವುದನ್ನು ನಾವು ತಡೆಯುತ್ತೇವೆಯೇ? ಅವರ ಪಾಲಿಗೆ ಹಿಮವೇ ಆ ದಾರಿ.

ಆದುದರಿಂದ ಹಿರಿಯರು ಕೇಳಬೇಕಾದ ಪ್ರಶ್ನೆಗಳನ್ನು ಬದಲಿಸಿಕೊಂಡರೆ ಸಾಕು. ಪಟ್ಟಿಯೋ ಹಲಗೆಯೋ ಎಂಬ ಜಗಳಕ್ಕಿಂತ, ಹೆಲ್ಮೆಟ್ ಹಾಕಿದೆಯಾ ಕಂದ, ಬೂಟು ಸರಿಯಾಗಿ ಕೂತಿದೆಯಾ, ಇವತ್ತು ನೀನೇ ನಿಂತುಕೊಂಡೆಯಾ ಎಂದು ಕೇಳಿ. ಬಿದ್ದೆನೆಂದು ಹೇಳಿದರೆ ಗಾಬರಿ ತೋರದೆ, ಹೇಗೆ ಎದ್ದೆ ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಹೇಳುವಾಗ ಮಗುವಿನ ದನಿಯಲ್ಲಿ ಮೂಡುವ ಉತ್ಸಾಹ ಸಾವಿರಾರು ಮೈಲಿಯಾಚೆ ಕೂತವರಿಗೂ ಕೇಳಿಸುತ್ತದೆ. ಹಿಮದ ನಾಡಿನ ನಮ್ಮ ಮಕ್ಕಳು ಹದವರಿತು ಕಲಿಯಲಿ, ಬಿದ್ದಲ್ಲಿಯೇ ಎದ್ದು ಸುಖವಾಗಿ ಬೆಳೆಯಲಿ ಎಂದು ಹಾರೈಸುತ್ತೇವೆ.